ಅಂದುಗೆಯ ಕೆಳಗಿನ ನಾಡಿ

ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಕಾವ್ಯವನ್ನು ಪಾಠ ಹೇಳಿದವನು ನಾನು. ಅಂದುಗೆ, ನೂಪುರ, ಗೆಜ್ಜೆ ಎಂಬ ಮಾತುಗಳಿಗೆ ತರಗತಿಯಲ್ಲಿ ಎಷ್ಟು ಬಾರಿ ಅರ್ಥ ಬಿಡಿಸಿದ್ದೇನೋ ಲೆಕ್ಕವಿಲ್ಲ. ಆದರೆ ಆ ಒಡವೆಗಳು ಕೂರುವ ಸ್ಥಳವನ್ನು, ಎಂದರೆ ಕಾಲಿನ ಹರಡಿನ ಮುಂಭಾಗವನ್ನು, ಒಮ್ಮೆಯೂ ನಿಟ್ಟಿಸಿ ನೋಡಿದವನಲ್ಲ. ಸಕ್ಕರೆ ಕಾಯಿಲೆಗೆಂದು ಹೋದಾಗ ವೈದ್ಯರು, “ಕಾಲು ಚಾಚಿ, ಮೇಷ್ಟ್ರೇ” ಎಂದು ಪಾದದ ಮೇಲೆ ಎರಡು ಬೆರಳಿಟ್ಟು ಬಹಳ ಹೊತ್ತು ಮೌನವಾಗಿದ್ದರು. ಅಲ್ಲಿಯೂ ಒಂದು ನಾಡಿಯುಂಟೆಂದು ನನಗೆ ತಿಳಿದದ್ದು ಅಂದೇ.

ಆಮೇಲೆ ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ. ಇದಕ್ಕೆ ಗ್ರಂಥ ಬೇಡ. ಬರಿಗಾಲು, ಬೆಳಕು, ಎರಡು ಬೆರಳು ಸಾಕು.

ಮೊದಲು ಎರಡು ಪಕ್ಕದ ಗಂಟುಗಳನ್ನು ಮುಟ್ಟಿ ನೋಡಿ. ಒಳಗಂಟು ಮೊಣಕಾಲಿನಿಂದ ಇಳಿದು ಬರುವ ದಪ್ಪ ಎಲುಬಾದ ಟಿಬಿಯಾದ ತುದಿ. ಹೊರಗಂಟು ಅದರ ಜೊತೆಯ ಸಣ್ಣ ಎಲುಬಾದ ಫಿಬುಲಾದ ತುದಿ. ಇವು ಸಮನಾಗಿಲ್ಲ. ಹೊರಗಂಟು ಒಳಗಂಟಿಗಿಂತ ಸುಮಾರು 1 ಸೆಂ.ಮೀ. ಕೆಳಗೂ ತುಸು ಹಿಂದಕ್ಕೂ ಇದೆ. ಪಾದ ಹೊರಕ್ಕೆ ತಿರುಗದಂತೆ ಅದು ಅಡ್ಡ ನಿಲ್ಲುತ್ತದೆ. ಕಾಲು ಉಳುಕುವಾಗ ಪಾದ ಹೆಚ್ಚಾಗಿ ಒಳಮುಖವಾಗಿಯೇ ತಿರುಚಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಈಗ ಹಿಮ್ಮಡಿಯನ್ನು ನೆಲಕ್ಕೂರಿ ಪಾದವನ್ನು ಮೇಲಕ್ಕೆತ್ತಿ, ಕೊಂಚ ಒಳಕ್ಕೆ ತಿರುಗಿಸಿ. ಒಳಗಂಟಿನ ಮುಂದುಗಡೆ ಹಗ್ಗದಂತೆ ಉಬ್ಬುವುದು ಪಾದವನ್ನೆತ್ತುವ ಮುಖ್ಯ ಸ್ನಾಯುವಿನ ರಜ್ಜು. ಹೆಬ್ಬೆರಳನ್ನೆತ್ತಿದರೆ ಅದರ ಹೊರಮಗ್ಗುಲಿಗೆ ಎರಡನೆಯ ರಜ್ಜು ಏಳುತ್ತದೆ. ಉಳಿದ ಬೆರಳುಗಳನ್ನೆತ್ತಿದರೆ ಇನ್ನೂ ಹೊರಕ್ಕೆ ಮೂರನೆಯದು ಎದ್ದು, ಪಾದದ ಮೇಲೆ ನಾಲ್ಕಾಗಿ ಕವಲೊಡೆಯುತ್ತದೆ. ಇಷ್ಟು ಬಲವಾಗಿ ಸೆಳೆದರೂ ಇವು ಬಿಲ್ಲಿನ ಹೆದೆಯಂತೆ ನೆಗೆದು ನಿಲ್ಲುವುದಿಲ್ಲ; ಅಡ್ಡಲಾಗಿ ಬಿಗಿದ ಪಟ್ಟಿಯೊಂದು ಅವನ್ನು ಒತ್ತಿ ಹಿಡಿದಿದೆ. ಪ್ರಕೃತಿ ಚರ್ಮದ ಕೆಳಗೇ ಒಂದು ಅಂದುಗೆಯನ್ನು ತೊಡಿಸಿದೆ ಎನ್ನಬಹುದು.

ಒಳಗಂಟಿನ ಮುಂದೆಯೇ ಮೇಲೇರುವ ನೀಲಿ ನಾಳವೊಂದುಂಟು. ಅದು ತೊಡೆಯ ಬುಡದವರೆಗೆ ಹೋಗುವ ಅಭಿಧಮನಿ. 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರೆನೆ ಫಾವಲೋರೊ ಎಂಬ ಶಸ್ತ್ರವೈದ್ಯರು ಈ ನಾಳದ ತುಂಡನ್ನು ಬಳಸಿ ಹೃದಯದ ಮುಚ್ಚಿದ ರಕ್ತನಾಳಕ್ಕೆ ಬದಲಿ ದಾರಿ ಮಾಡಿಕೊಟ್ಟರು. ಕಾಲಿನದು ಹೃದಯಕ್ಕೆ ಆಸರೆಯಾಯಿತು.

ಇನ್ನು ನಾಡಿ. ಹೆಬ್ಬೆರಳ ರಜ್ಜುವಿನ ಹೊರಮಗ್ಗುಲಲ್ಲಿ ಅಪಧಮನಿಯೊಂದು ಕೀಲನ್ನು ದಾಟಿ ಪಾದದ ಮೇಲ್ಭಾಗಕ್ಕೆ ಇಳಿಯುತ್ತದೆ. ಅಲ್ಲಿ ಬೆರಳನ್ನು ಹಗುರವಾಗಿ ಇಡಬೇಕು. ಒತ್ತಿದರೆ ಮಿಡಿತ ಅಡಗಿಬಿಡುತ್ತದೆ. ಕೆಲವು ಆರೋಗ್ಯವಂತರಲ್ಲಿಯೂ ಇದು ಸಿಕ್ಕುವುದಿಲ್ಲ. ಆದುದರಿಂದ ಗಾಬರಿಪಡಬೇಕಾಗಿಲ್ಲ, ವೈದ್ಯರು ಒಳಗಂಟಿನ ಹಿಂದಿರುವ ಇನ್ನೊಂದು ನಾಡಿಯನ್ನೂ ನೋಡಿಯೇ ನಿರ್ಣಯಿಸುತ್ತಾರೆ.

ನನ್ನ ಎಡಗಾಲಿನಲ್ಲಿ ಎರಡೂ ಕ್ಷೀಣವಾಗಿದ್ದವು. ಚಪ್ಪಲಿಯ ಪಟ್ಟಿ ಉಜ್ಜಿ ಆದ ಹುಣ್ಣೊಂದು ನನ್ನ ಅರಿವಿಗೇ ಬಂದಿರಲಿಲ್ಲ. ಸಕ್ಕರೆ ಕಾಯಿಲೆ ಸ್ಪರ್ಶವನ್ನು ಮಂಕು ಮಾಡಿ, ರಕ್ತದ ದಾರಿಯನ್ನೂ ಕಿರಿದಾಗಿಸಬಲ್ಲದು. ನೋವೇ ಇಲ್ಲದ ಗಾಯ ಮಾಯದೆ ಉಳಿದು ಕಾಲಿಗೇ ಎರವಾಗಬಲ್ಲದು. ಎರಡು ಬೆರಳಿನ ಆ ಪರೀಕ್ಷೆ ನನ್ನ ಕಾಲನ್ನು ಉಳಿಸಿತು.

ಹಿರಿಯರ ಪಾದ ಮುಟ್ಟುವುದು ನಮ್ಮಲ್ಲಿ ವಾಡಿಕೆ. ಸ್ವಂತ ಪಾದವನ್ನು ಮುಟ್ಟಿ ನೋಡುವ ವಾಡಿಕೆ ಮಾತ್ರ ಇಲ್ಲ. ಇಂದು ರಾತ್ರಿ ಮಲಗುವ ಮುನ್ನ, ದೀಪ ಆರಿಸುವುದಕ್ಕೆ ಮೊದಲು, ದಯವಿಟ್ಟು ಒಮ್ಮೆ ನೋಡಿಕೊಳ್ಳಿ.