ಸೆಡಾನಿನ ಗತ್ತು, ಕರೆಂಟ್ ಕಾರಿನ ಲೆಕ್ಕ

ಕಡೂರು–ತರೀಕೆರೆ ಹೆದ್ದಾರಿಯ ಪಕ್ಕ ಸ್ವಲ್ಪ ಹೊತ್ತು ನಿಂತರೆ ಹಸಿರು ನಂಬರ್ ಪ್ಲೇಟಿನ ಕಾರು ಈಗ ಕಣ್ಣಿಗೆ ಬೀಳುತ್ತದೆ. ಹಸಿರು ಪ್ಲೇಟಿನ ಮೇಲೆ ಬಿಳಿ ಅಕ್ಷರವಿದ್ದರೆ ಸ್ವಂತ ಬಳಕೆಯ ಎಲೆಕ್ಟ್ರಿಕ್ ಕಾರು, ಹಳದಿ ಅಕ್ಷರವಿದ್ದರೆ ಬಾಡಿಗೆಯದು. ಕೆಎ-18 ಎಂದಿದ್ದರೆ ಚಿಕ್ಕಮಗಳೂರಿನಲ್ಲಿ, ಕೆಎ-66 ಎಂದಿದ್ದರೆ ತರೀಕೆರೆಯಲ್ಲಿ ನೋಂದಣಿಯಾದದ್ದು. ಇದೇ ರಸ್ತೆಯಲ್ಲಿ ಹದಿನೈದು ವರ್ಷದ ಹಿಂದೆ ಜನ ತಿರುಗಿ ನೋಡುತ್ತಿದ್ದ ಕಾರೇ ಬೇರೆ. ಉದ್ದ ಬಾನೆಟ್ಟು, ಹಿಂದೆ ದೊಡ್ಡ ಡಿಕ್ಕಿ, ನೆಲಕ್ಕೆ ತಗ್ಗಿದ ಮೈ. ಹೋಂಡಾ ಅಕಾರ್ಡ್, ಟೊಯೊಟ ಕ್ಯಾಮ್ರಿ, ಸ್ಕೋಡಾ ಸೂಪರ್ಬ್‌ನಂಥ ಸೆಡಾನ್‌ಗಳು. ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ತೋಟದವರು ಆಸೆಪಡುತ್ತಿದ್ದುದು, ಕಾಫಿ ಎಸ್ಟೇಟಿನವರು ಬೆಂಗಳೂರಿಗೆ ಹೋಗಿಬರಲು ಇಟ್ಟುಕೊಳ್ಳುತ್ತಿದ್ದುದು ಇಂಥ ಕಾರುಗಳನ್ನೇ.

ಎಲೆಕ್ಟ್ರಿಕ್ ಕಾರು ಆ ಸೆಡಾನಿನ ಜಾಗ ಹಿಡಿಯುತ್ತಿದೆಯೇ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಮಾರಾಟದ ಅಂಕಿಗಳನ್ನು ಮುಂದಿಡುತ್ತಾರೆ. ಅಂಕಿಗಳು ಬೇಕೇ ಬೇಕು. ಆದರೆ ಯಾವ ಅಂಕಿಯನ್ನು ಯಾವುದರ ಪಕ್ಕ ಇಡುತ್ತೇವೆ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಎಲೆಕ್ಟ್ರಿಕ್ ಕಾರೆಂದರೆ ಸಿರಿವಂತರ ಕಾರು ಎಂಬ ಭಾವನೆ ಮೊದಲು ಇರಲಿಲ್ಲ. ನಮ್ಮ ರಾಜ್ಯದಲ್ಲೇ, ಬೆಂಗಳೂರಿನಲ್ಲಿ, ಚೇತನ್ ಮೈನಿ ಅವರು ಕಟ್ಟಿದ ರೇವಾ 2001ರಲ್ಲಿ ಮಾರಾಟಕ್ಕೆ ಬಂತು. ಎರಡು ಬಾಗಿಲಿನ ಪುಟ್ಟ ಗಾಡಿ. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. 2010ರಲ್ಲಿ ಕಂಪನಿ ಮಹೀಂದ್ರ ಕೈಸೇರಿತು. ಪೇಟೆಯೊಳಗೆ ಓಡಾಡಿ ಸಂಜೆ ಮನೆಗೆ ಬರುವವರಿಗೆ ಅದು ಸಾಕಾಗಿತ್ತು. ಕಡೂರಿನಿಂದ ಬೆಂಗಳೂರಿಗೆ ಹೋಗಬೇಕಾದವರು ಮಾತ್ರ ಅದರತ್ತ ನೋಡುವಂತಿರಲಿಲ್ಲ. ಇಲ್ಲಿಂದ ರಾಜಧಾನಿಗೆ ಹೆಚ್ಚುಕಡಿಮೆ 210 ಕಿಲೋಮೀಟರ್.

ಅಮೆರಿಕದ ಟೆಸ್ಲಾ ತುಳಿದದ್ದು ಇದಕ್ಕೆ ತಿರುಗುಮುರುಗಾದ ದಾರಿ. 2012ರಲ್ಲಿ ಬಂದ ಅದರ ಮಾಡೆಲ್ ಎಸ್ ದೊಡ್ಡ, ದುಬಾರಿ ಸೆಡಾನು. ಎದುರಾಳಿಗಳಾಗಿದ್ದುದು ಮರ್ಸಿಡಿಸ್ ಎಸ್-ಕ್ಲಾಸ್, ಬಿಎಂಡಬ್ಲ್ಯು 7 ಸೀರೀಸ್‌ನಂಥ ದಶಕಗಳ ಹೆಸರುಳ್ಳ ಕಾರುಗಳು. 2015ರ ಹೊತ್ತಿಗೆ ಅಮೆರಿಕದಲ್ಲಿ ಮಾಡೆಲ್ ಎಸ್ ಸುಮಾರು 25,000 ಮಾರಾಟವಾಗಿ, 22,000ದಷ್ಟಿದ್ದ ಎಸ್-ಕ್ಲಾಸನ್ನು ಹಿಂದೆ ಹಾಕಿತು. ಶ್ರೀಮಂತ ಸೆಡಾನು ಮತ್ತು ವಿದ್ಯುತ್ ಕಾರಿನ ಹೋಲಿಕೆ ಜಗತ್ತಿನ ಬಾಯಿಗೆ ಬಂದದ್ದು ಆಗಿನಿಂದಲೇ. 2023ರಲ್ಲಿ ಅದೇ ಕಂಪನಿಯ ಮಾಡೆಲ್ ವೈ, ಪೆಟ್ರೋಲು-ಡೀಸೆಲು ಸೇರಿ ಎಲ್ಲ ಬಗೆಯ ಕಾರುಗಳ ನಡುವೆ, ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಕಾರಾಯಿತು. 2024ರಲ್ಲಿ ಜಗತ್ತಿನಲ್ಲಿ ಮಾರಿದ ಎಲೆಕ್ಟ್ರಿಕ್ ಕಾರುಗಳು, ಪ್ಲಗ್ ಹಾಕುವ ಹೈಬ್ರಿಡ್‌ಗಳೂ ಸೇರಿ, 1 ಕೋಟಿ 70 ಲಕ್ಷ ದಾಟಿದವು. ಅಂದರೆ ಹೊಸ ಕಾರುಗಳಲ್ಲಿ ಐದಕ್ಕೊಂದು. ಅವುಗಳಲ್ಲಿ ಬಹುಪಾಲು ಮಾರಾಟವಾದದ್ದು ಚೀನಾದಲ್ಲಿ.

ಆದರೆ ಗೆಲುವು ಒಂದೇ ಸಮ ಸಾಗಿಬಂದಿಲ್ಲ. ಪೋರ್ಷೆ ಕಂಪನಿಯ ಎಲೆಕ್ಟ್ರಿಕ್ ಸೆಡಾನ್ ಟೈಕನ್ 2021ರಲ್ಲಿ 41,296 ಮಾರಾಟವಾಗಿ, ಆ ಕಂಪನಿಯ ಗುರುತೇ ಆಗಿದ್ದ 911 ಕಾರನ್ನು ಮೀರಿಸಿತ್ತು. 2024ರಲ್ಲಿ ಅದು ಅರ್ಧಕ್ಕರ್ಧ ಕುಸಿದು 21,000ದ ಒಳಗೆ ಬಂತು. ಮರ್ಸಿಡಿಸ್ ಕಂಪನಿಯೇ ತನ್ನ ಎಸ್-ಕ್ಲಾಸಿಗೆ ಜೋಡಿಯಾಗಿ ತಂದ ಇಕ್ಯೂಎಸ್, 2022ರಲ್ಲಿ ಪುಣೆ ಬಳಿಯ ಚಾಕಣದಲ್ಲೇ ಜೋಡಣೆಗೊಂಡು 1.55 ಕೋಟಿ ರೂಪಾಯಿಗೆ ನಮ್ಮ ದೇಶದಲ್ಲೂ ಬಿಡುಗಡೆಯಾಯಿತು. ಎಸ್-ಕ್ಲಾಸಿನ ಗದ್ದುಗೆ ಮಾತ್ರ ಅದಕ್ಕೆ ಸಿಗಲಿಲ್ಲ. ಕೋಟಿ ಕೊಡುವವರು ಹೆಸರಿಗೆ, ಮರುಮಾರಾಟದ ಬೆಲೆಗೆ, ಹಿಂದಿನ ಸೀಟಿನ ಸುಖಕ್ಕೆ ಕೊಡುತ್ತಾರೆ. ಬ್ಯಾಟರಿ ಹಾಕಿದ ಮಾತ್ರಕ್ಕೆ ಇವು ಮೂರೂ ತಾವಾಗಿ ಬರುವುದಿಲ್ಲ.

ಈಗ ಭಾರತದ ಲೆಕ್ಕ. 2024-25ರಲ್ಲಿ ದೇಶದಲ್ಲಿ ಮಾರಿದ ಪ್ರಯಾಣಿಕ ವಾಹನಗಳು ಸುಮಾರು 43 ಲಕ್ಷ. ಅವುಗಳಲ್ಲಿ ಎಲೆಕ್ಟ್ರಿಕ್ ಒಂದು ಲಕ್ಷದ ಮೇಲೆ ಸ್ವಲ್ಪ, ನೂರಕ್ಕೆ ಎರಡೂವರೆ. ಮರ್ಸಿಡಿಸ್, ಬಿಎಂಡಬ್ಲ್ಯು, ಔಡಿ ಮುಂತಾದ ಐಷಾರಾಮಿ ಕಾರುಗಳೆಲ್ಲ ಸೇರಿ 2024ರಲ್ಲಿ ಸುಮಾರು 51,000. ಎಲೆಕ್ಟ್ರಿಕ್ ಕಾರು ಐಷಾರಾಮಿ ಕಾರಿನ ಎರಡು ಪಟ್ಟು ಮಾರುತ್ತಿದೆ ಎಂದು ಇದರಿಂದ ಹೇಳಬಹುದು, ಅದು ನಿಜವೂ ಹೌದು. ಆದರೆ 12 ಲಕ್ಷದ ಟಾಟಾ ಕಾರನ್ನೂ 80 ಲಕ್ಷದ ಇ-ಕ್ಲಾಸನ್ನೂ ಅಕ್ಕಪಕ್ಕ ನಿಲ್ಲಿಸಿ ಎಣಿಸಿದರೆ ತಿಳಿಯುವುದು ಕಡಿಮೆ. ನನ್ನ ಮಟ್ಟಿಗೆ ಬೇರೊಂದು ಅಂಕಿ ಹೆಚ್ಚು ಮಾತಾಡುತ್ತದೆ. ಬಿಎಂಡಬ್ಲ್ಯು ಭಾರತದಲ್ಲಿ 2024ರಲ್ಲಿ 1,249 ಎಲೆಕ್ಟ್ರಿಕ್ ಕಾರು ಮಾರಿತ್ತು. 2025ರಲ್ಲಿ ಅದು 3,753ಕ್ಕೆ ಏರಿತು. ಆ ವರ್ಷ ಕಂಪನಿಯ ಒಟ್ಟು ಮಾರಾಟ 18,001. ಇಡೀ ಮಾರುಕಟ್ಟೆಯಲ್ಲಿ ನೂರಕ್ಕೆ ಮೂರೋ ನಾಲ್ಕೋ ಇರುವಾಗ ಈ ಒಂದು ಕಂಪನಿಯಲ್ಲಿ ಐದಕ್ಕೊಂದು. ಅತ್ತ ಮರ್ಸಿಡಿಸ್‌ನಲ್ಲಿ ಇಂದಿಗೂ ಹೆಚ್ಚು ಮಾರುವುದು ಉದ್ದನೆಯ ಇ-ಕ್ಲಾಸ್ ಸೆಡಾನು. ಡ್ರೈವರ್ ಇಟ್ಟುಕೊಂಡು ಹಿಂದೆ ಕೂರುವವರು ಸೆಡಾನನ್ನು ಬಿಟ್ಟಿಲ್ಲ. ಮನೆಯಲ್ಲಿ ಎರಡು-ಮೂರು ಕಾರಿದ್ದು, ನಿಲ್ಲಿಸಲು ಸ್ವಂತ ಜಾಗವಿದ್ದು, ತಾವೇ ಓಡಿಸುವವರು ಎಲೆಕ್ಟ್ರಿಕ್ ಕಡೆಗೆ ಹೊರಳಿದ್ದಾರೆ.

ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳಲ್ಲಿ ಸೆಡಾನನ್ನು ಕದಲಿಸಿದ್ದು ಎಲೆಕ್ಟ್ರಿಕ್ ಕಾರಲ್ಲ, ಎಸ್‌ಯುವಿ. ಅಕಾರ್ಡ್, ಕೊರೊಲ್ಲ 2020ರಲ್ಲಿ ಹೊಗೆ ಮಿತಿಯ ಬಿಎಸ್6 ನಿಯಮ ಬಂದಾಗ ನಮ್ಮ ಮಾರುಕಟ್ಟೆಯಿಂದ ಹೊರಟವು. 2023ರಲ್ಲಿ ಸೂಪರ್ಬ್ ಮಾರಾಟವೂ ನಿಂತು, ಮರುವರ್ಷ ಬೆರಳೆಣಿಕೆಯ ಆಮದು ಕಾರಾಗಿ ಬಂತು. ಉಳಿದುಕೊಂಡದ್ದು ಬಿಡದಿಯಲ್ಲಿ ಜೋಡಣೆಯಾಗುವ ಕ್ಯಾಮ್ರಿ. ತೋಟದ ದಾರಿಯಲ್ಲಿ ಸೆಡಾನು ಓಡಿಸಿದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ಪ್ರತಿ ಹಂಪಿನಲ್ಲೂ ಹೊಟ್ಟೆ ತಾಗುತ್ತದೆ. ಮಳೆಗಾಲದಲ್ಲಿ ಲಿಂಗದಹಳ್ಳಿ ಕಡೆಯ ಒಳರಸ್ತೆಗಳಲ್ಲಿ ಅದನ್ನು ಇಳಿಸಲು ಮನಸ್ಸೇ ಬರುವುದಿಲ್ಲ. ದೇಶದ ಒಟ್ಟು ಮಾರಾಟದಲ್ಲಿ ಎತ್ತರದ ಗಾಡಿಗಳ ಪಾಲು 2024-25ರಲ್ಲಿ ನೂರಕ್ಕೆ 65. ಇಲ್ಲಿಗೆ ಬರುವ ಎಲೆಕ್ಟ್ರಿಕ್ ಕಾರುಗಳೂ, ನೆಕ್ಸಾನ್ ಇವಿ, ವಿಂಡ್ಸರ್, ಮಹೀಂದ್ರದ ಹೊಸ ಗಾಡಿಗಳು, ಎತ್ತರದ ಮೈಯಲ್ಲೇ ಬರುತ್ತವೆ.

ಹಾಗಾದರೆ ಸೆಡಾನಿನ ಜೊತೆ ಹೋಲಿಕೆ ಏಕೆ? ಸೆಡಾನಿಗೆ ಜನ ಕೊಡುತ್ತಿದ್ದ ಹಣದ ದೊಡ್ಡ ಭಾಗ ಎರಡು ಗುಣಗಳಿಗೆ ಹೋಗುತ್ತಿತ್ತು. ಒಳಗೆ ಸದ್ದು ಕೇಳಬಾರದು, ಕಾಲು ಒತ್ತಿದ ಕೂಡಲೇ ಜರ್ಕ್ ಇಲ್ಲದೆ ಮುನ್ನುಗ್ಗಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಇದನ್ನು ಸಾಧಿಸುವುದು ದುಬಾರಿ ಕೆಲಸ. ಆರು-ಎಂಟು ಸಿಲಿಂಡರ್, ನಡುಕ ಹೀರುವ ಎಂಜಿನ್ ಮೌಂಟು, ಎಂಟು-ಒಂಬತ್ತು ಹಂತದ ಆಟೊಮ್ಯಾಟಿಕ್ ಗೇರು, ಸುತ್ತ ಸದ್ದು ತಡೆಯುವ ಪದರಗಳು. ಎಂಜಿನ್ ಒಂದು ವೇಗಕ್ಕೆ ತಿರುಗಿದ ಮೇಲೆಯೇ ಪೂರ್ಣ ಎಳೆತ ಕೊಡುತ್ತದೆ. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ಣ ಎಳೆತ ಕೊಡುತ್ತದೆ, ಒಳಗೆ ಸ್ಫೋಟವಿಲ್ಲದ್ದರಿಂದ ನಡುಕವೂ ಇಲ್ಲ, ಒಂದೇ ಗೇರು ಸಾಕು. 2024ರ ಕೊನೆಯಲ್ಲಿ ಬಂದ ಕ್ಯಾಮ್ರಿಯ ಬಿಡುಗಡೆಯ ಬೆಲೆ 48 ಲಕ್ಷ. ಅದೇ ಹೊತ್ತಿಗೆ ಬಂದ ಮಹೀಂದ್ರ ಎಕ್ಸ್‌ಇವಿ 9ಇ 21.90 ಲಕ್ಷದಿಂದ ಶುರುವಾಗಿತ್ತು. ಸೀಟಿನ ಹದ, ಹೊಲಿಗೆಯ ನಯ, ಬಾಳಿಕೆಯ ಹೆಸರು ಕ್ಯಾಮ್ರಿಯದೇ ಮೇಲು. ಮೌನದಲ್ಲಿ, ಮುನ್ನುಗ್ಗುವಿಕೆಯಲ್ಲಿ ಅರ್ಧ ಬೆಲೆಯ ಗಾಡಿ ಅದಕ್ಕೆ ಸಾಟಿ. ಒಂದು ಕಾಲಕ್ಕೆ ಸಿರಿವಂತರ ಸೊತ್ತಾಗಿದ್ದ ಗುಣ ಮಧ್ಯಮ ವರ್ಗದ ಕೈಗೆಟುಕುತ್ತಿರುವುದು ಈ ಇಡೀ ಬದಲಾವಣೆಯ ತಿರುಳು ಎಂದು ನಾನು ತಿಳಿಯುತ್ತೇನೆ. ಇದು ಸಂತೋಷಪಡಬೇಕಾದ ವಿಷಯ.

ಇದಕ್ಕೆ ತೆರಿಗೆಯ ಒತ್ತಾಸೆಯೂ ಇದೆ. ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ನೂರಕ್ಕೆ 5. ದೊಡ್ಡ ಪೆಟ್ರೋಲ್ ಸೆಡಾನಿಗೆ ಸೆಸ್ ಸೇರಿ 48ರಷ್ಟಿದ್ದದ್ದು 2025ರ ಸೆಪ್ಟೆಂಬರ್ 22ರಿಂದ 40 ಆಗಿದೆ. ವಿದ್ಯುತ್ ವಾಹನಕ್ಕೆಂದೇ ನೀತಿ ತಂದ ಮೊದಲ ರಾಜ್ಯ ಕರ್ನಾಟಕ, 2017ರಲ್ಲಿ. ರಸ್ತೆ ತೆರಿಗೆಯ ಪೂರ್ಣ ವಿನಾಯಿತಿ ಅದಕ್ಕೂ ಮೊದಲೇ ಇತ್ತು. 2024ರಲ್ಲಿ 25 ಲಕ್ಷಕ್ಕಿಂತ ಮೇಲಿನ ಎಲೆಕ್ಟ್ರಿಕ್ ಕಾರಿಗೆ ಶೇಕಡ 10ರ ಜೀವಿತಾವಧಿ ತೆರಿಗೆ ಬಂತು. ಈ ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವಂಥವು. ಕೊಳ್ಳುವ ವಾರ ಆರ್‌ಟಿಒ ಕಚೇರಿಯಲ್ಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಓಡಿಸುವ ಖರ್ಚಿಗೆ ಬರೋಣ. ಕಡೂರಿನಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ದೊಡ್ಡ ಎಲೆಕ್ಟ್ರಿಕ್ ಕಾರು ಯೂನಿಟ್ಟಿಗೆ 6 ಕಿಲೋಮೀಟರ್ ಓಡಿದರೂ 35 ಯೂನಿಟ್ ಬೇಕು. ಮನೆಯಲ್ಲಿ ಯೂನಿಟ್ಟಿಗೆ ಸುಮಾರು 6 ರೂಪಾಯಿ ಹಿಡಿದರೆ 210 ರೂಪಾಯಿ. ಹೆದ್ದಾರಿಯ ಫಾಸ್ಟ್ ಚಾರ್ಜರಿನಲ್ಲಿ 20 ರೂಪಾಯಿ ಹಿಡಿದರೆ 700. ಲೀಟರಿಗೆ 12 ಕೊಡುವ ಪೆಟ್ರೋಲ್ ಸೆಡಾನಿಗೆ ಅದೇ ದಾರಿಗೆ ಹದಿನೇಳೂವರೆ ಲೀಟರ್, ಅಂದರೆ 1,800 ರೂಪಾಯಿ ಹತ್ತಿರ. ಹೈಬ್ರಿಡ್ ಕ್ಯಾಮ್ರಿ ಲೀಟರಿಗೆ 18 ಕೊಟ್ಟರೆ 1,200. ಉಳಿತಾಯ ಇದೆ, ಆದರೆ ಅದು ಮನೆಯಲ್ಲಿ ಚಾರ್ಜ್ ಮಾಡುವವರಿಗೇ ಹೆಚ್ಚು.

ಕೆಮ್ಮಣ್ಣುಗುಂಡಿಯ ಘಾಟಿಯಲ್ಲಿ ಇನ್ನೊಂದು ಚಂದದ ಲೆಕ್ಕ ಸಿಗುತ್ತದೆ. ಗಿರಿಧಾಮದ ಎತ್ತರ 1,434 ಮೀಟರ್, ತರೀಕೆರೆಗಿಂತ ಸುಮಾರು 700 ಮೀಟರ್ ಮೇಲೆ. ಜನ ಸೇರಿ ಎರಡು ಟನ್ ತೂಗುವ ಕಾರನ್ನು ಅಷ್ಟು ಮೇಲೆತ್ತಲು, ದಾರಿಯ ಖರ್ಚಿನ ಜೊತೆಗೆ, ಕನಿಷ್ಠ 3.8 ಯೂನಿಟ್ ಹೆಚ್ಚಿಗೆ ಬೇಕು. ಕಲ್ಲತ್ತಿಗಿರಿ ದಾಟಿ ಏರುವಾಗ ಬ್ಯಾಟರಿಯ ಅಂಕಿ ಸರಸರನೆ ಇಳಿಯುವುದನ್ನು ಕಂಡು ಹೊಸಬರು ಗಾಬರಿಯಾಗುವುದುಂಟು. ಇಳಿಯುವಾಗ ಎಲೆಕ್ಟ್ರಿಕ್ ಕಾರಿನ ಮೋಟಾರೇ ಡೈನಮೋ ಆಗುತ್ತದೆ. ಕಾಲು ತೆಗೆದರೆ ಸಾಕು, ಗಾಡಿ ತಾನೇ ಹಿಡಿದುಕೊಳ್ಳುತ್ತದೆ, ಒಂದೂವರೆ-ಎರಡು ಯೂನಿಟ್ ಬ್ಯಾಟರಿಗೆ ವಾಪಸು ಬರುತ್ತದೆ. ಹತ್ತು ಕಿಲೋಮೀಟರಿನ ದಾರಿ ಕೊಸರಾಗಿ ಸಿಕ್ಕಂತೆ. ಇದೇ ಇಳಿಜಾರಿನಲ್ಲಿ ಪೆಟ್ರೋಲ್ ಸೆಡಾನು ಅಷ್ಟೂ ಶಕ್ತಿಯನ್ನು ಬ್ರೇಕಿನ ಬಿಸಿಯಾಗಿ ಗಾಳಿಗೆ ಬಿಡುತ್ತದೆ.

ಇಷ್ಟೆಲ್ಲ ಅನುಕೂಲವಿದ್ದೂ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಎಲೆಕ್ಟ್ರಿಕ್ ಕಾರಿನ ಭವಿಷ್ಯವನ್ನು ತೀರ್ಮಾನಿಸುವುದು ಶೋರೂಮಲ್ಲ, ಕರೆಂಟಿನ ಲೈನು. ಚಿಕ್ಕಮಗಳೂರು ಜಿಲ್ಲೆಗೆ ವಿದ್ಯುತ್ ಕೊಡುವುದು ಮೆಸ್ಕಾಂ. ಊರೊಳಗಿನ ಮನೆಗಳಿಗೂ ಪಂಪ್‌ಸೆಟ್ಟುಗಳಿಗೂ ಬೇರೆ ಬೇರೆ ಫೀಡರ್ ಮಾಡುವ ನಿರಂತರ ಜ್ಯೋತಿ ಯೋಜನೆಯಿಂದಾಗಿ ಹಳ್ಳಿಮನೆಗಳಿಗೆ ರಾತ್ರಿಯಿಡೀ ಕರೆಂಟು ಸಿಗುವಂತಾಯಿತು. ಅಂಥ ಮನೆಯಲ್ಲಿ ಹೀಟರಿಗೆ ಹಾಕುವ 15 ಆಂಪಿಯರ್ ಸಾಕೆಟ್ಟೇ ಚಾರ್ಜಿಂಗಿಗೆ ಸಾಕು. ರಾತ್ರಿ 10ಕ್ಕೆ ಹಾಕಿ ಬೆಳಗ್ಗೆ 6ಕ್ಕೆ ತೆಗೆದರೆ 24 ಯೂನಿಟ್ ಚಿಲ್ಲರೆ, ಅಂದರೆ ಸುಮಾರು 150 ಕಿಲೋಮೀಟರ್. ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗಿಬಂದರೂ ಇನ್ನೂ ಮಿಗುತ್ತದೆ.

ತೋಟದ ಮನೆಯ ಪಾಡು ಬೇರೆ. ಸಖರಾಯಪಟ್ಟಣದ ಕಡೆಯ ತೆಂಗಿನ ತೋಟವಿರಲಿ, ಅಜ್ಜಂಪುರದ ಈರುಳ್ಳಿ ಹೊಲದ ನಡುವಿನ ಮನೆಯಿರಲಿ, ಬಹಳ ಕಡೆ ಲೈನು ಬಂದಿರುವುದು ಪಂಪ್‌ಸೆಟ್ಟಿನ ಫೀಡರಿನಿಂದ. ತ್ರೀ ಫೇಸ್ ದಿನಕ್ಕೆ ಏಳು ಗಂಟೆ ಕೊಡಬೇಕೆಂಬುದು ಸರ್ಕಾರದ ಗುರಿ, ಉಳಿದ ಹೊತ್ತು ಬಲ್ಬು ಉರಿಯುವಷ್ಟು ಸಿಕ್ಕರೆ ಪುಣ್ಯ. ಸಂಜೆ ವೋಲ್ಟೇಜ್ ಕುಸಿದರೆ ಚಾರ್ಜರು ತಾನೇ ನಿಂತುಬಿಡುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕೊಡುವ ಉಚಿತ ಕರೆಂಟು ನೀರೆತ್ತುವುದಕ್ಕೆ ಮಾತ್ರ, ಅದರಲ್ಲಿ ಕಾರು ಚಾರ್ಜ್ ಮಾಡುವುದು ನಿಯಮಕ್ಕೆ ವಿರುದ್ಧ. ಬೇಸಿಗೆಯಲ್ಲಿ ಇನ್ನೊಂದು ತೊಡಕು ಅರ್ತಿಂಗಿನದು. ಅರ್ತಿಂಗ್ ಗುಂಡಿ ಒಣಗಿದರೆ ಕಾರು ಚಾರ್ಜನ್ನೇ ತೆಗೆದುಕೊಳ್ಳುವುದಿಲ್ಲ, ದೋಷ ತೋರಿಸುತ್ತದೆ. ಗುಂಡಿಗೆ ಇದ್ದಿಲು-ಉಪ್ಪು ತುಂಬಿಸಿ ನೀರು ಹಾಕುತ್ತಿದ್ದರೆ ಸರಿಹೋಗುತ್ತದೆ.

ದುಬಾರಿ ಜರ್ಮನ್ ಸೆಡಾನಿಗೂ ಇಲ್ಲಿ ತನ್ನದೇ ತಾಪತ್ರಯವಿದೆ. ಸರ್ವೀಸಿಗೆ ಬೆಂಗಳೂರೋ ಮಂಗಳೂರೋ ಆಗಬೇಕು, ಒಂದು ಬಿಡಿಭಾಗಕ್ಕೆ ವಾರಗಟ್ಟಲೆ ಕಾಯಬೇಕು. ಎಲೆಕ್ಟ್ರಿಕ್ ಕಾರಿಗೆ ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ, ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇರುತ್ತದೆ. ಮರುಮಾರಾಟದ ಬೆಲೆ ಮಾತ್ರ ಇನ್ನೂ ಗಟ್ಟಿಯಾಗಿ ನಿಂತಿಲ್ಲ.

ಇಷ್ಟನ್ನು ತೂಗಿ ನೋಡಿದರೆ, ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಊರೊಳಗೆ ಸ್ವಂತ ಮನೆ, ಸ್ವಂತ ಮೀಟರ್ ಇರುವವರಿಗೆ ಎಲೆಕ್ಟ್ರಿಕ್ ಕಾರು ಇವತ್ತೇ ಸರಿಯಾದ ಆಯ್ಕೆ. ವಾರಕ್ಕೆರಡು ಸಲ ದೂರದೂರಿಗೆ ಓಡಾಡುವವರಿಗೆ ಸದ್ಯಕ್ಕೆ ಹೈಬ್ರಿಡ್ ಸೆಡಾನೇ ನೆಮ್ಮದಿ. ತೋಟದ ಮನೆಯವರು ಕಾರಿಗೆ ಅಡ್ವಾನ್ಸ್ ಕೊಡುವ ಮೊದಲು ಮೆಸ್ಕಾಂ ಉಪವಿಭಾಗ ಕಚೇರಿಗೆ ಹೋಗಿ ತಮ್ಮ ಲೈನು ಯಾವ ಫೀಡರಿನದು, ಮಂಜೂರಾದ ಲೋಡ್ ಎಷ್ಟು ಎಂದು ಕೇಳಿ ತಿಳಿಯಲಿ, ಬೇಕಿದ್ದರೆ ಲೋಡ್ ಹೆಚ್ಚಿಸಲು ಅರ್ಜಿ ಕೊಡಲಿ. ಅಂಥ ಅರ್ಜಿಗಳು ಹತ್ತಾರು ಸೇರಿದರೆ ತೋಟದ ಮನೆಗಳಿಗೂ ಬೇರೆ ಲೈನು ಕೊಡಿ ಎಂದು ಕೇಳುವ ಮಾತಿಗೆ ಬಲ ಬರುತ್ತದೆ.