ಮೂಲೆಯಲ್ಲೊಬ್ಬಳು ನೀಲು

ನಮ್ಮೂರ ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯಿಂದ ಅಪ್ಪ ವಾರ ವಾರ ‘ಲಂಕೇಶ್ ಪತ್ರಿಕೆ’ ತರುತ್ತಿದ್ದುದು ರಾಜಕೀಯಕ್ಕಾಗಿ. ಈ ವಾರ ಯಾವ ಮಂತ್ರಿಯ ಮಾನ ಹೋಯಿತು ಎಂದು ಅವರು ಓದಿ ಮುಗಿಸುವವರೆಗೂ ಅಮ್ಮ ಸುಮ್ಮನಿರುತ್ತಿದ್ದಳು. ಆಮೇಲೆ ಅವಳು ಹುಡುಕುತ್ತಿದ್ದುದು ಒಂದು ಪುಟದ ಮೂಲೆಯನ್ನು. ಅಲ್ಲಿ ನೀಲು ಇರುತ್ತಿದ್ದಳು. ನಾಲ್ಕಾರು ಪುಟ್ಟ ಸಾಲು, ಅಷ್ಟೇ. ಓದಿ ಒಮ್ಮೆ ನಕ್ಕು, ಯಾಕೆ ನಕ್ಕೆ ಎಂದು ಹೇಳದೆ ಅಮ್ಮ ಒಲೆಯ ಕಡೆ ಹೋಗುತ್ತಿದ್ದಳು.

ನೀಲು ಎಂಬ ಹೆಂಗಸು ಎಲ್ಲೂ ಇರಲಿಲ್ಲ. ಅವಳನ್ನು ಹುಟ್ಟಿಸಿದವರು ಸಂಪಾದಕ ಪಿ. ಲಂಕೇಶರೇ.

1935ರಲ್ಲಿ ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ ಹುಟ್ಟಿದ ಲಂಕೇಶ್ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಕೆಲಸ ಬಿಟ್ಟ ಮೇಲೂ ಒಡನಾಡಿಗಳ ಬಾಯಲ್ಲಿ ‘ಮೇಷ್ಟ್ರು’ ಆಗಿಯೇ ಉಳಿದರು. ಕತೆ, ನಾಟಕ, ಕಾದಂಬರಿ ಬರೆದರು. ‘ಸಂಸ್ಕಾರ’ ಚಿತ್ರದಲ್ಲಿ ನಾರಣಪ್ಪನಾದರು. ‘ಪಲ್ಲವಿ’ಗೆ ನಿರ್ದೇಶನದ ರಾಷ್ಟ್ರಪ್ರಶಸ್ತಿ ಪಡೆದರು. 1980ರಲ್ಲಿ ಪತ್ರಿಕೆ ಶುರುವಾಯಿತು. ಜಾಹೀರಾತು ಬೇಡವೆಂದರು. ಓದುಗರು ಕೊಡುವ ಚಿಲ್ಲರೆ ಕಾಸಿನಲ್ಲೇ ನಡೆಯಬೇಕು, ನಡೆಯಿತು. ಗುಂಡೂರಾಯರ ಸರ್ಕಾರ ವಾರ ವಾರವೂ ಅದರ ಏಟು ತಿಂದಿತು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದೂ ಇದರಲ್ಲೇ. ‘ಜಾಣ ಜಾಣೆಯರ ಪತ್ರಿಕೆ’ ಎಂದು ಹೇಳಿಕೊಳ್ಳುತ್ತಿದ್ದ ಅದು ಜಾಣೆಯನ್ನು ಬರೀ ಪ್ರಾಸಕ್ಕೆ ಕರೆದದ್ದಲ್ಲ.

ಅನುವಾದಕ ಲಂಕೇಶರ ಮಾತು ಈಚೆಗೆ ಕಡಿಮೆ. ಸೊಫೋಕ್ಲಿಸನ ಈಡಿಪಸ್, ಅಂತಿಗೊನೆ ನಾಟಕಗಳನ್ನು ಅವರು ಕನ್ನಡಕ್ಕೆ ತಂದರು. ಫ್ರೆಂಚ್ ಕವಿ ಬೋದಿಲೇರನ ಕವಿತೆಗಳನ್ನು ‘ಪಾಪದ ಹೂಗಳು’ ಎಂದು ತಂದರು. ಪ್ಯಾರಿಸಿನ ಬೀದಿಯ ಬೇಸರ, ಕಾಮ, ಕೊಳಕು, ಅದರ ನಡುವಿನ ಚೆಲುವು: ಇದನ್ನೆಲ್ಲ ಮಡಿಮೈಲಿಗೆಯಿಲ್ಲದೆ ಹೇಳುವ ಕನ್ನಡವೊಂದನ್ನು ಅವರು ಆ ಕೆಲಸದಲ್ಲೇ ಪಳಗಿಸಿಕೊಂಡರೆಂದು ನನ್ನ ಗುಮಾನಿ. ‘ಅವ್ವ’ ಕವಿತೆಯಲ್ಲಿ ಹೆತ್ತವಳನ್ನು ಪುರಾಣದ ಪತಿವ್ರತೆಯರ ಸಾಲಿಗೆ ಸೇರಿಸದೆ ಹೊಲದ ಕಪ್ಪು ಮಣ್ಣಿನ ಪಕ್ಕ ನಿಲ್ಲಿಸಿದವರು ಅವರು.

ಮತ್ತೆ ನೀಲುವಿಗೇ ಬರುತ್ತೇನೆ. ಅವಳಿಗೆ ಗಂಡಸರ ಮೇಲೆ ಆಸೆಯೂ ಇತ್ತು, ತಮಾಷೆಯೂ ಇತ್ತು. ಪ್ರೇಮ, ಮುಪ್ಪು, ಸಾವು ಎಲ್ಲಕ್ಕೂ ಒಂದೊಂದು ಕುಟುಕು. ಗಂಡಸೊಬ್ಬ ಹೆಣ್ಣಿನ ಬಾಯಿಂದ ಆಡಿದ ಮಾತು ಎಷ್ಟು ಹೆಣ್ಣಿನದು ಎಂಬ ತಕರಾರು ನನಗೂ ಇದೆ. ಆದರೆ ಅಮ್ಮನ ನಗು ನೆನಪಾದರೆ ತಕರಾರು ಮೆತ್ತಗಾಗುತ್ತದೆ. ಹಗರಣದ ವರದಿಯ ಮಗ್ಗುಲಲ್ಲಿ, ಬೈಗುಳದ ಕಾವಿನ ನಡುವೆ ಓದಬೇಕಾದ ಪದ್ಯಗಳವು. ‘ನೀಲು ಕಾವ್ಯ’ವೆಂದು ಪುಸ್ತಕವಾಗಿ ಸಾಲಾಗಿ ಕೂತಾಗ ಪಾಪ, ಮದುವೆಮನೆಯ ಫೋಟೋದಲ್ಲಿ ನಿಂತವರಂತೆ ಬಿಗಿದುಕೊಂಡಿವೆ.

2000ದ ಜನವರಿ 25ರಂದು ಲಂಕೇಶ್ ತೀರಿಕೊಂಡರು. ಪತ್ರಿಕೆಯನ್ನು ಮುಂದುವರಿಸಿದ ಮಗಳು ಗೌರಿ, ಮುಂದೆ ತಮ್ಮದೇ ಪತ್ರಿಕೆ ನಡೆಸುತ್ತಿದ್ದಾಗ, 2017ರಲ್ಲಿ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು.

ಕಳೆದ ವರ್ಷ ಊರ ಮನೆ ಖಾಲಿ ಮಾಡುವಾಗ ಅಟ್ಟದಲ್ಲಿ ಹಳೆಯ ಸಂಚಿಕೆಗಳ ಕಟ್ಟು ಸಿಕ್ಕಿತು. ಬಿಚ್ಚಿದರೆ ಒಂದೊಂದರಲ್ಲೂ ಪುಟದ ಮೂಲೆಯಲ್ಲಿ ಚೌಕಾಕಾರದ ಕಿಂಡಿ, ಕತ್ತರಿಯಲ್ಲಿ ಒಪ್ಪವಾಗಿ ತೆಗೆದದ್ದು. ಕಿಂಡಿಯಾಚೆ ಮುಂದಿನ ಪುಟದ ಯಾವುದೋ ಮಂತ್ರಿಯ ಅರ್ಧ ಮುಖ. ಕತ್ತರಿಸಿದ ಚೂರುಗಳಿಗಾಗಿ ಅಮ್ಮನ ಟ್ರಂಕನ್ನೆಲ್ಲ ತಡಕಿದೆ. ಸಿಗಲಿಲ್ಲ.