ಕಂಪ್ಯೂಟರಿಗೂ ಒಂದು ಮನೆ ನಂಬರು, ಒಂದು ಗೇಟು



ತಿಂಗಳುಗಟ್ಟಲೆ ಅಟ್ಟದ ಮೇಲೆ ಕಾಯಿ ಒಣಗಿಸಿ, ಸುಲಿದು, ಒಡೆದು, ಉಂಡೆ ಕೊಬ್ಬರಿಯನ್ನು ತಿಪಟೂರಿಗೆ ಕಳಿಸುವವರು ನಾವು. ರಾಜ್ಯದ ಎ.ಪಿ.ಎಂ.ಸಿ. ಮಾರುಕಟ್ಟೆಗಳನ್ನು ಒಂದೇ ಆನ್‌ಲೈನ್ ವ್ಯವಸ್ಥೆಗೆ ತರುವ ಕೆಲಸ 2014ರಲ್ಲಿ ಶುರುವಾಯಿತು. ಧಾರಣೆಯನ್ನು ಸಂಘದ ಕಂಪ್ಯೂಟರಿನಲ್ಲೇ ನೋಡಿಕೊಂಡು ಮೂಟೆ ಹೇರಬಹುದು. ಆದರೆ ಟೆಂಡರ್ ದಿನವೇ "ಇಂಟರ್‌ನೆಟ್ ಬರ್ತಿಲ್ಲ ಅಕ್ಕಾ" ಅಂದರೆ? ರಿಪೇರಿಯವರು ಬರುವಷ್ಟರಲ್ಲಿ ಮನೆ ಬಾಗಿಲಿಗೆ ಬಂದ ವ್ಯಾಪಾರಿ ಹೇಳಿದ್ದೇ ರೇಟು. ಎಷ್ಟೋ ಸಲ ಮೆಷಿನ್ ಕೆಟ್ಟಿರುವುದೇ ಇಲ್ಲ. ಒಂದೆರಡು ನಂಬರ್ ತಪ್ಪಾಗಿರುತ್ತದೆ, ಅಷ್ಟೇ.

ಮೊದಲನೆಯದು ಐಪಿ ಅಡ್ರೆಸ್. ಇದು ಕಂಪ್ಯೂಟರಿನ ಮನೆ ನಂಬರು. 192.168.1.20 ಹೀಗೆ ನಾಲ್ಕು ಭಾಗ, ಪ್ರತಿ ಭಾಗ 0ಯಿಂದ 255ರ ಒಳಗೆ. ಒಂದೇ ಕಚೇರಿಯಲ್ಲಿ ಎರಡು ಕಂಪ್ಯೂಟರಿಗೆ ಒಂದೇ ನಂಬರ್ ಕೊಟ್ಟರೆ ಪೋಸ್ಟ್‌ಮ್ಯಾನ್ ಯಾರ ಮನೆಗೆ ಕಾಗದ ಹಾಕಬೇಕು? ಎರಡೂ ತೊಂದರೆ ಕೊಡುತ್ತವೆ.

ಎರಡನೆಯದು ಸಬ್‌ನೆಟ್ ಮಾಸ್ಕ್. ಇದು ತೋಟದ ಬೇಲಿ. ಸಾಮಾನ್ಯವಾಗಿ 255.255.255.0 ಇರುತ್ತದೆ. ಮೊದಲ ಮೂರು ಭಾಗ ಒಂದೇ ಇದ್ದರೆ ಎಲ್ಲರೂ ಒಂದೇ ತೋಟದವರು ಎಂದರ್ಥ.

ಮೂರನೆಯದೇ ಡೀಫಾಲ್ಟ್ ಗೇಟ್‌ವೇ. ಬೇಲಿಯೊಳಗೆ ಈ ಮರದಿಂದ ಆ ಮರಕ್ಕೆ ಹೋಗಲು ಗೇಟು ದಾಟಬೇಕಿಲ್ಲ. ತುರುವೇಕೆರೆಗೋ ಚಿಕ್ಕನಾಯಕನಹಳ್ಳಿಗೋ ಹೋಗಬೇಕಾದರೆ ಗೇಟಿನಿಂದಲೇ ಹೊರಡಬೇಕಲ್ಲ? ಆ ಗೇಟೇ ರೂಟರ್ ಪೆಟ್ಟಿಗೆ. ಅದರ ನಂಬರ್ ಬಹಳ ಕಡೆ 192.168.1.1 ಇರುತ್ತದೆ, ಕೆಲವು ಪೆಟ್ಟಿಗೆಗಳಲ್ಲಿ ಬೇರೆ. ಪೆಟ್ಟಿಗೆಯ ಅಡಿಯ ಚೀಟಿ ನೋಡಿ. ಗೇಟ್‌ವೇ ತಪ್ಪಿದ್ದರೆ ಕಚೇರಿಯ ಪ್ರಿಂಟರ್ ಕೆಲಸ ಮಾಡುತ್ತದೆ, ಹೊರಗಿನದು ಮಾತ್ರ ಏನೂ ಬರುವುದಿಲ್ಲ. ಈ ಗುರುತು ನೆನಪಿಡಿ.

ನೋಡುವುದು ಹೇಗೆ? ವಿಂಡೋಸ್‌ನಲ್ಲಿ ಸ್ಟಾರ್ಟ್ ಒತ್ತಿ 'ಕಮಾಂಡ್ ಪ್ರಾಂಪ್ಟ್' ತೆರೆಯಿರಿ. 'ಐಪಿಕಾನ್ಫಿಗ್' ಎಂದು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಮೂರೂ ನಂಬರ್ ಕಾಣುತ್ತವೆ. ಐಪಿ 169.254ರಿಂದ ಶುರುವಾಗಿದ್ದರೆ, ರೂಟರಿನಿಂದ ನಂಬರ್ ಸಿಗದೆ ಕಂಪ್ಯೂಟರ್ ತಾನೇ ಒಂದು ಇಟ್ಟುಕೊಂಡಿದೆ ಎಂದು ತಿಳಿಯಿರಿ. ವೈರ್ ಸರಿಯಾಗಿ ಸಿಕ್ಕಿಸಿ, ರೂಟರನ್ನು ಆರಿಸಿ ಹಾಕಿ. ಕರೆಂಟ್ ಹೋಗಿ ಬಂದ ಮೇಲೆ ನಮ್ಮ ಕಡೆ ಇದು ಇದ್ದದ್ದೇ.

ಬದಲಾಯಿಸಬೇಕಾದರೆ ಕಂಟ್ರೋಲ್ ಪ್ಯಾನಲ್‌ನ ನೆಟ್‌ವರ್ಕ್ ವಿಭಾಗದಲ್ಲಿ 'ಚೇಂಜ್ ಅಡಾಪ್ಟರ್ ಸೆಟ್ಟಿಂಗ್ಸ್'ಗೆ ಹೋಗಿ. ನಿಮ್ಮ ಕನೆಕ್ಷನ್ ಮೇಲೆ ಬಲಗಡೆ ಕ್ಲಿಕ್, ಪ್ರಾಪರ್ಟೀಸ್, ಅದರಲ್ಲಿ 'ಇಂಟರ್‌ನೆಟ್ ಪ್ರೋಟೋಕಾಲ್ ವರ್ಷನ್ 4', ಮತ್ತೆ ಪ್ರಾಪರ್ಟೀಸ್. ಅಲ್ಲಿ 'ಆಟೋಮ್ಯಾಟಿಕಲಿ' ಎಂಬುದನ್ನು ಐಪಿಗೂ ಡಿಎನ್‌ಎಸ್‌ಗೂ ಆರಿಸಿದರೆ ರೂಟರೇ ಎಲ್ಲ ಕೊಡುತ್ತದೆ. ಮುಕ್ಕಾಲು ಪಾಲು ಸಂಘಗಳಿಗೆ ಇಷ್ಟು ಸಾಕು ಎಂಬುದು ನಮ್ಮ ಅಭಿಪ್ರಾಯ. ಕೈಯಿಂದಲೇ ಬರೆಯಬೇಕಾಗಿ ಬಂದರೆ ಡಿಎನ್‌ಎಸ್ ಜಾಗ ಖಾಲಿ ಬಿಡಬೇಡಿ, ಸಾಮಾನ್ಯವಾಗಿ ಅಲ್ಲಿಯೂ ರೂಟರ್ ನಂಬರ್ ನಡೆಯುತ್ತದೆ.

ಏನೇ ಮುಟ್ಟುವ ಮುಂಚೆ ಈಗಿರುವ ನಂಬರುಗಳನ್ನು ನಡಾವಳಿ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದಿಡಿ. ತಪ್ಪಾದರೆ ವಾಪಸ್ ಅದನ್ನೇ ಹಾಕಿದರಾಯ್ತು.